ಬಾಗಿಲೇ ಅಡುಗೆಕಟ್ಟೆ: ಗಾಡಿಯ ಹಿಂಬದಿಯ ಮಡಚುಹಲಗೆಯ ಚರಿತ್ರೆ

ಬಯಲಿನಲ್ಲಿ ಬೀಡುಬಿಟ್ಟವರಿಗೆ ಒಲೆ ಹೂಡುವುದು ಎಂದೂ ದೊಡ್ಡ ಕಷ್ಟವಾಗಿರಲಿಲ್ಲ. ಮೂರು ಕಲ್ಲು, ಒಂದು ಹೊರೆ ಪುಳ್ಳೆ, ಗಾಳಿಗೊಂದು ಮರೆ ಇದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಸುಲಭವಾಗಿ ಸಿಗದಿರುವುದು ಹಿಟ್ಟು ನಾದಲು, ಮಾಂಸ ಕೊಯ್ಯಲು, ತಟ್ಟೆಗಳನ್ನು ಸಾಲಾಗಿ ಇಡಲು ಬೇಕಾದ, ಮಣ್ಣುಧೂಳಿನಿಂದ ಮೇಲಿರುವ, ನಿಂತುಕೊಂಡೇ ಕೆಲಸ ಮಾಡಬಹುದಾದ ಎತ್ತರದ ಸಮತಟ್ಟು ಜಾಗ. ಫೋರ್‌ವೀಲ್ ಡ್ರೈವ್ ವಾಹನಗಳಲ್ಲಿ, ಅಂದರೆ ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚಬಲ್ಲ ಒರಟುದಾರಿಯ ವಾಹನಗಳಲ್ಲಿ, ದೂರಪ್ರಯಾಣ ಮಾಡುವವರು ಹಿಂಬಾಗಿಲಿನ ಒಳಮೈಗೆ ಕೂಡಿಸಿಕೊಳ್ಳುವ ಮಡಚುಹಲಗೆ ಈ ಕೊರತೆಯನ್ನು ತುಂಬುವ ಸಾಧನ. ನೋಡುವುದಕ್ಕೆ ಇತ್ತೀಚಿನ ಹವ್ಯಾಸಿಗಳ ಕೈಚಳಕದಂತೆ ಕಂಡರೂ, ಸಾಗುವಾಗ ಮುಚ್ಚಳವಾಗಿದ್ದ ಹಲಗೆಯೇ ನಿಂತಾಗ ಮೇಜಾಗಬೇಕು ಎಂಬ ಅದರ ಮೂಲ ಯೋಚನೆಗೆ ಒಂದೂವರೆ ಶತಮಾನದ ವಯಸ್ಸಾಗಿದೆ, ಮತ್ತು ಅದರ ಪೂರ್ವಜನನ್ನು ಎಳೆದದ್ದು ಎಂಜಿನ್ ಅಲ್ಲ, ಎತ್ತುಗಳು.

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಾಸ್ ಪ್ರಾಂತದ ಹುಲ್ಲುಗಾವಲುಗಳಲ್ಲಿ ಉದ್ದಕೊಂಬಿನ ದನಗಳು ಯಾರ ಮೇಲ್ವಿಚಾರಣೆಯೂ ಇಲ್ಲದೆ ಲಕ್ಷಗಟ್ಟಲೆ ಹೆಚ್ಚಿದ್ದವು. ಊರಿನಲ್ಲಿ ಅವುಗಳಿಗೆ ಬೆಲೆಯಿರಲಿಲ್ಲ, ಬೆಲೆಯಿದ್ದ ಕಡೆಗೆ ರೈಲು ಇರಲಿಲ್ಲ. 1866ರ ಜೂನ್ ತಿಂಗಳಲ್ಲಿ ಚಾರ್ಲ್ಸ್ ಗುಡ್‌ನೈಟ್ ಮತ್ತು ಆತನಿಗಿಂತ ಹಿರಿಯನಾದ ಆಲಿವರ್ ಲವಿಂಗ್ ಎಂಬ ಇಬ್ಬರು ದನಗಾರರು ಸುಮಾರು 2,000 ದನಗಳನ್ನೂ 18 ಜನರನ್ನೂ ಕೂಡಿಕೊಂಡು ಫೋರ್ಟ್ ಬೆಲ್‌ನ್ಯಾಪ್ ಪ್ರದೇಶದಿಂದ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಕಡೆಗೆ ಹೊರಟರು. ಆ ಕೋಟೆಯ ಬಳಿ ಅಮೆರಿಕದ ಸೈನ್ಯವು ನವಾಹೋ ಮತ್ತು ಮೆಸ್ಕಲೆರೋ ಅಪಾಚೆ ಜನರನ್ನು ಅವರ ನೆಲದಿಂದ ಎಬ್ಬಿಸಿ ತಂದು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೂಡಿಹಾಕಿತ್ತು. ಬೆಳೆ ಕೈಕೊಟ್ಟು ಅವರು ಹಸಿವಿನಿಂದ ನರಳುತ್ತಿದ್ದುದರಿಂದಲೇ ಅಲ್ಲಿ ಮಾಂಸಕ್ಕೆ ಪೌಂಡಿಗೆ 8 ಸೆಂಟಿನ ದರ ಸಿಕ್ಕಿತು. ಈ ಪಯಣಕ್ಕೆಂದು ಗುಡ್‌ನೈಟ್ ಕಟ್ಟಿಸಿದ ಚಕ್‌ವ್ಯಾಗನ್ ಎಂಬ ಅಡುಗೆಗಾಡಿಯ ಕಥೆಯನ್ನು ಕೇವಲ ಜಾಣ ಬಡಗಿತನದ ಕಥೆಯಾಗಿ ಹೇಳುವವರು ಈ ಹಸಿವನ್ನು ಬಿಟ್ಟುಬಿಡುವುದುಂಟು, ಆದರೆ ಅದನ್ನು ಬಿಟ್ಟರೆ ಆ ಗಾಡಿ ಆ ದಾರಿಗೆ ಏಕೆ ಇಳಿಯಿತು ಎಂಬುದೇ ತಿಳಿಯದೆ ಹೋಗುತ್ತದೆ.

ಆ ದಾರಿಯಲ್ಲಿ ಪೇಕಸ್ ನದಿಯ ಹಾರ್ಸ್‌ಹೆಡ್ ಕಡವನ್ನು ಮುಟ್ಟುವ ಮೊದಲು ಹನಿ ನೀರೂ ಇಲ್ಲದ ಹಲವು ಹರದಾರಿಗಳ ಬಯಲನ್ನು ಹಾಯಬೇಕಿತ್ತು. ಅದುವರೆಗೆ ದನ ಹೊಡೆಯುವವರು ತಮ್ಮ ತಮ್ಮ ಬುತ್ತಿಯನ್ನು ಜೀನಿನ ಚೀಲದಲ್ಲೋ ಹೇರುಗುದುರೆಯ ಬೆನ್ನಿನ ಮೇಲೋ ಒಯ್ಯುತ್ತಿದ್ದರು. ಕೆಲವು ದಿನಗಳ ಕೆಲಸಕ್ಕೆ ಅದು ಸಾಕಾಗುತ್ತಿತ್ತು, ತಿಂಗಳುಗಳ ಪ್ರಯಾಣಕ್ಕೆ ಸಾಲುತ್ತಿರಲಿಲ್ಲ. ಗುಡ್‌ನೈಟ್ ಸೈನ್ಯದ ಹಳೆಯದೊಂದು ಗಾಡಿಯನ್ನು ಕೊಂಡು, ಕಬ್ಬಿಣದ ಅಚ್ಚುಗಳುಳ್ಳ ಅದರ ಮೇಲೆ ಬೋಡಾರ್ಕ್ ಎಂಬ ಮರದಿಂದ ಹೊಸ ಮೈ ಕಟ್ಟಿಸಿದ. ಬೋಡಾರ್ಕ್ ಎಂಬುದು ಬಿಲ್ಲಿನ ಮರ ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರು. ಅಲ್ಲಿನ ಮೂಲನಿವಾಸಿಗಳು ಬಿಲ್ಲು ಮಾಡಲು ಬಳಸುತ್ತಿದ್ದ, ನಮ್ಮ ಹಲಸಿನ ಕುಟುಂಬಕ್ಕೇ ಸೇರಿದ ಈ ಹಳದಿ ತಿರುಳಿನ ಗಟ್ಟಿ ಮರವು ಒಣಹವೆಯಲ್ಲಿ ಅಷ್ಟಾಗಿ ಕುಗ್ಗದಿರುವುದರಿಂದ ಚಕ್ರದ ಅರೆಕಾಲುಗಳು ಸಡಿಲಗೊಂಡು ಕಳಚಿಕೊಳ್ಳುವ ಭಯ ಕಡಿಮೆಯಾಗುತ್ತಿತ್ತು. ಅಚ್ಚು ಕಬ್ಬಿಣದ್ದಾದ ಕಾರಣ ಕೀಲೆಣ್ಣೆಯ ಗೊಟ್ಟದಲ್ಲಿ ತಾರು ಹೊತ್ತೊಯ್ಯುವ ಅಗತ್ಯವೂ ತಪ್ಪಿ, ದಾರಿಯಲ್ಲಿ ಕಡಿದ ದನದ ಕೊಬ್ಬೇ ಕೀಲೆಣ್ಣೆಯಾಯಿತು.

ಆದರೆ ಆ ಗಾಡಿಯನ್ನು ಚರಿತ್ರೆಯಲ್ಲಿ ಉಳಿಸಿದ್ದು ಅದರ ಅಚ್ಚೂ ಅಲ್ಲ, ಮರವೂ ಅಲ್ಲ, ಹಿಂಬದಿಗೆ ಬಿಗಿದ ಪೆಟ್ಟಿಗೆ. ಚಕ್ ಎಂದರೆ ಇಂಗ್ಲಿಷಿನ ಆಡುಮಾತಿನಲ್ಲಿ ಊಟ. ಚಕ್ ಪೆಟ್ಟಿಗೆ ಎಂದರೆ ಊಟದ ಪೆಟ್ಟಿಗೆ. ಗಾಡಿಯ ಅಗಲಕ್ಕೆ ಸರಿಯಾಗಿ, ಆಳು ನಿಂತರೆ ಕೈಗೆ ಎಟುಕುವಷ್ಟು ಎತ್ತರಕ್ಕೆ ಕಟ್ಟಿದ ಈ ಕಪಾಟಿನೊಳಗೆ ಹಿಟ್ಟು, ಸಕ್ಕರೆ, ಒಣಹಣ್ಣು, ಕಾಫಿ, ಹುರುಳಿಕಾಯಿ ಜಾತಿಯ ಒಣ ಬೀಜ, ಉಪ್ಪು, ಔಷಧಿ, ಸೂಜಿದಾರ, ಕ್ಷೌರದ ಕತ್ತಿಯವರೆಗೆ ಪ್ರತಿಯೊಂದಕ್ಕೂ ಅದರದೇ ಖಾನೆ ಇತ್ತು. ಪೆಟ್ಟಿಗೆಯ ಮುಂದಿನ ಹಲಗೆಯನ್ನು ಕೆಳತುದಿಯಲ್ಲಿ ಕೀಲುಗಳಿಂದ ಕೂಡಿಸಲಾಗಿತ್ತು. ಅಗಳಿ ತೆಗೆದು ಅದನ್ನು ಕೆಳಕ್ಕೆ ಇಳಿಸಿದರೆ, ಅದರ ಹೊರಮೈಗೆ ಮಡಚಿಕೊಂಡಿದ್ದ ಒಂದೇ ಕಾಲು ತೂಗಿ ಬಂದು ನೆಲಕ್ಕೆ ಊರುತ್ತಿತ್ತು, ಮತ್ತು ಕ್ಷಣದ ಹಿಂದೆ ಧೂಳಿಗೆ ಅಡ್ಡವಾಗಿದ್ದ ಕದವು ಹಿಟ್ಟು ನಾದುವ ಮಣೆಯಾಗಿ ಸೊಂಟದೆತ್ತರದಲ್ಲಿ ನಿಲ್ಲುತ್ತಿತ್ತು. ಧೂಳು ತಿಂದದ್ದು ಹಲಗೆಯ ಹೊರಮೈ, ಹಿಟ್ಟು ಬೀಳುವುದು ಒಳಮೈಗೆ. ಆದ್ದರಿಂದ ತೊಳೆಯಲು ನೀರಿಲ್ಲದ ದಾರಿಯಲ್ಲಿಯೂ ಕೆಲಸದ ಮೈ ಶುಚಿಯಾಗಿಯೇ ಇರುತ್ತಿತ್ತು. ಈ ಒಂದು ಗುಣ ಇಡೀ ಏರ್ಪಾಡಿನ ತಿರುಳು ಎನ್ನಬೇಕು. ಮಡಚುವ ಮೇಜುಗಳು ಜಗತ್ತಿನಲ್ಲಿ ಮೊದಲೂ ಇದ್ದವು, ಆದರೆ ಮಡಚಿದಾಗ ತನ್ನ ಕೆಲಸದ ಮೈಯನ್ನು ತಾನೇ ಒಳಗೆ ಮುಚ್ಚಿಟ್ಟುಕೊಳ್ಳುವ, ಜೊತೆಗೆ ಉಗ್ರಾಣದ ಬಾಗಿಲೂ ಆಗಿರುವ ಮೇಜು ಬೇರೆಯೇ ವಸ್ತು.

ಪೆಟ್ಟಿಗೆಯ ಸುತ್ತ ಮಿಕ್ಕ ಅಡುಗೆಮನೆ ಬೆಳೆಯಿತು. ಗಾಡಿಯ ಪಕ್ಕಕ್ಕೆ ನೀರಿನ ಪೀಪಾಯಿ, ಅಡಿಯಲ್ಲಿ ತೊಟ್ಟಿಲಿನಂತೆ ಇಳಿಬಿಟ್ಟ ಹಸಿಚರ್ಮದ ಜೋಲಿ. ದಾರಿಯಲ್ಲಿ ಸಿಕ್ಕ ಸೌದೆಯನ್ನೂ ಸೌದೆ ಸಿಗದ ಕಡೆ ಬಯಲಲ್ಲೇ ಒಣಗಿದ ಸಗಣಿಯನ್ನೂ ಅದರಲ್ಲಿ ತುಂಬಿಕೊಳ್ಳುತ್ತಿದ್ದರು. ಅಡುಗೆಯವನು ಹುಳಿಹಿಟ್ಟಿನ ಹೆಪ್ಪನ್ನು ಪುಟ್ಟ ಪೀಪಾಯಿಯಲ್ಲಿಟ್ಟು, ಚಳಿರಾತ್ರಿಗಳಲ್ಲಿ ಅದು ಸಾಯದಂತೆ ತನ್ನ ಕಂಬಳಿಯೊಳಗೇ ಇರಿಸಿಕೊಂಡು ಮಲಗುತ್ತಿದ್ದುದುಂಟು. ಪಿಟ್ಸ್‌ಬರ್ಗಿನ ಆರ್ಬಕಲ್ ಸಹೋದರರು ಹುರಿದ ಕಾಫಿಬೀಜಕ್ಕೆ ಮೊಟ್ಟೆ ಮತ್ತು ಸಕ್ಕರೆಯ ಲೇಪ ಕೊಟ್ಟು ಅದರ ಘಮ ಆರದಂತೆ ಮಾಡಿದ ಮೇಲೆ ಹಸಿಬೀಜ ಹುರಿಯುವ ಕೆಲಸ ತಪ್ಪಿತು. ಪ್ರತಿ ಪೊಟ್ಟಣದಲ್ಲಿ ಇರುತ್ತಿದ್ದ ಪೆಪ್ಪರ್‌ಮಿಂಟಿನ ಕಡ್ಡಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ಜಡಿದ ಯಂತ್ರದಲ್ಲಿ ಬೀಜ ಬೀಸಿಕೊಟ್ಟವನಿಗೆ ಕೊಡುವ ವಾಡಿಕೆ ಬೆಳೆಯಿತು. ರಾತ್ರಿ ಮಲಗುವ ಮುನ್ನ ಅಡುಗೆಯವನು ಗಾಡಿಯ ಮೂಕಿಯನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿಡುತ್ತಿದ್ದ; ಬೆಳಗ್ಗೆ ಮೋಡ ಕವಿದಿದ್ದರೂ ದಿಕ್ಕು ತಪ್ಪುತ್ತಿರಲಿಲ್ಲ.

ಆ ಹಲಗೆಯ ಸುತ್ತ ಒಂದು ಮರ್ಯಾದೆಯೂ ಹುಟ್ಟಿಕೊಂಡಿತು. ಗಾಳಿ ಬೀಸಿ ಬರುವ ದಿಕ್ಕಿನಿಂದ ಕುದುರೆಯೇರಿ ಬೀಡಿನ ಹತ್ತಿರ ಬರಬಾರದು, ಏಕೆಂದರೆ ಧೂಳು ಅಡುಗೆಗೆ ಬೀಳುತ್ತದೆ. ಗಾಡಿಯ ಚಕ್ರಕ್ಕೆ ಕುದುರೆ ಕಟ್ಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇಳಿಸಿದ ಹಲಗೆಯ ಮೇಲೆ ತಟ್ಟೆಯಿಟ್ಟು ಉಣ್ಣಬಾರದು. ಅದು ಅಡುಗೆಯವನ ಕೆಲಸದ ಜಾಗ, ಊಟದ ಮೇಜಲ್ಲ. ಉಣ್ಣುವವರು ನೆಲದ ಮೇಲೆ ಕುಳಿತು ತೊಡೆಯ ಮೇಲೆ ತಟ್ಟೆಯಿಟ್ಟು ಉಂಡು, ಎಂಜಲು ತಟ್ಟೆಯನ್ನು ಅದಕ್ಕಾಗಿಯೇ ಇಟ್ಟ ಬಾನಿಯಲ್ಲಿ ಹಾಕಿ ಏಳಬೇಕಿತ್ತು. ಬೆಳಗಿನ ಜಾವ ಎಲ್ಲರಿಗಿಂತ ಮೊದಲೆದ್ದು, ಎಲ್ಲರಿಗಿಂತ ಮುಂದೆ ಗಾಡಿ ಹೊಡೆದು, ದನಗಳು ಬಂದು ಸೇರುವ ಹೊತ್ತಿಗೆ ಊಟ ಸಿದ್ಧಮಾಡಿರಬೇಕಾಗಿದ್ದ ಈ ಅಡುಗೆಯವರಲ್ಲಿ ಅನೇಕರು ಕರಿಯರು ಮತ್ತು ಮೆಕ್ಸಿಕನ್ನರು. ಊರಿನಲ್ಲಿ ಅವರಿಗೆ ದೊರೆಯದಿದ್ದ ಅಧಿಕಾರವು ಈ ಹಲಗೆಯ ಅಂಚಿನೊಳಗೆ ದೊರೆಯುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ.

1874ರಲ್ಲಿ ಜೋಸೆಫ್ ಗ್ಲಿಡನ್ ಹಕ್ಕುಪತ್ರ ಪಡೆದ ಮುಳ್ಳುತಂತಿ ಬಯಲುಗಳನ್ನು ತುಂಡುಮಾಡಿತು, ರೈಲುಹಳಿಗಳು ದನಗಳ ಬಳಿಗೇ ಬಂದವು, 1880ರ ದಶಕ ಮುಗಿಯುವುದರೊಳಗೆ ಉದ್ದದಾರಿಯ ದನಹೊಡೆತ ಬಹುಮಟ್ಟಿಗೆ ನಿಂತಿತು. ಗಾಡಿ ಮಾತ್ರ ದನಸಾಕಣೆಯ ದೊಡ್ಡ ಜಮೀನುಗಳ ಒಳಗಿನ ಕೆಲಸಕ್ಕೆ ಉಳಿದುಕೊಂಡಿತು. 2005ರಲ್ಲಿ ಟೆಕ್ಸಾಸ್ ಅದನ್ನು ತನ್ನ ಅಧಿಕೃತ ರಾಜ್ಯವಾಹನವೆಂದು ಸಾರಿತು.

ಮೋಟಾರು ಕಾರು ಸಾಮಾನ್ಯರ ಕೈಗೆ ಬಂದ ಮೇಲೆ ಅದೇ ಹಲಗೆ ಮತ್ತೊಂದು ಬಗೆಯ ಪ್ರಯಾಣಿಕರಿಗೆ ಬೇಕಾಯಿತು. 1910 ಮತ್ತು 1920ರ ದಶಕಗಳಲ್ಲಿ ಅಮೆರಿಕದ ಮಧ್ಯಮವರ್ಗದ ಕುಟುಂಬಗಳು ಕಾರಿನಲ್ಲಿ ಹೊರಟು ದಾರಿಬದಿಯಲ್ಲಿ ಡೇರೆ ಹಾಕುವ ಹವ್ಯಾಸ ಬೆಳೆಸಿಕೊಂಡಾಗ, ಆಗಿನ ಕಾರುಗಳ ಪಕ್ಕದ ಮೆಟ್ಟಿಲುಹಲಗೆಯ ಮೇಲೆ ಕೂಡಿಸುವ, ಮುಚ್ಚಳ ಇಳಿಸಿದರೆ ಮೇಜಾಗುವ ಅಡುಗೆಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಹಾರ್ವೆ ಫೈರ್‌ಸ್ಟೋನ್ ಮತ್ತು ನಿಸರ್ಗಲೇಖಕ ಜಾನ್ ಬರೋಸ್ ತಮ್ಮನ್ನು ಅಲೆಮಾರಿಗಳೆಂದು ಕರೆದುಕೊಂಡು ಬೇಸಿಗೆಗಳಲ್ಲಿ ಕೈಗೊಂಡ ಪ್ರವಾಸಗಳಿಗೆ ಪ್ರತ್ಯೇಕ ಅಡುಗೆ ಟ್ರಕ್ಕೇ ಇರುತ್ತಿತ್ತು. ಅಂಥದೊಂದು 1922ರ ಲಿಂಕನ್ ಟ್ರಕ್ಕು ಇಂದು ಡಿಯರ್‌ಬಾರ್ನಿನ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. 1930ರ ದಶಕದಲ್ಲಿ ಕಾಣಿಸಿಕೊಂಡ ಕಣ್ಣೀರಹನಿಯ ಆಕಾರದ ಪುಟ್ಟ ಬಂಡಿಗಳು, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಇಬ್ಬರ ಮಲಗುಗೂಡುಗಳು, ಅಡುಗೆಮನೆಯನ್ನು ಮತ್ತೆ ಬಾಲದ ತುದಿಗೆ ಒಯ್ದವು. ಆದರೆ ಅಲ್ಲಿ ಕದ ಮೇಲಕ್ಕೆ ಏಳುತ್ತಿದ್ದುದರಿಂದ ಅದು ಮೇಜಾಗದೆ ಸೂರಾಯಿತು.

ಈ ಚರಿತ್ರೆಯಲ್ಲಿ ನಿಜವಾದ ತಿರುವು ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಅಮೆರಿಕದ ಜೀಪನ್ನು ನೋಡಿ ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ರೂಪಿಸಿದ ಲ್ಯಾಂಡ್ ರೋವರ್ 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲೋಕದ ಮುಂದೆ ಬಂತು. ಯುದ್ಧಾನಂತರ ಉಕ್ಕಿಗೆ ಪಡಿತರವಿದ್ದ ಕಾರಣ ಅದರ ಹೊರಮೈಯನ್ನು ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಮಾಡಲಾಯಿತು. ರೈತನ ಸಾಮಾನು ಹೊರಲೆಂದು ಮಾಡಿದ ಅದರ ಹಿಂಬದಿಯಲ್ಲಿ ಟೈಲ್‌ಗೇಟ್, ಅಂದರೆ ಕೆಳಕ್ಕೆ ಬೀಳುವ ಗಿಡ್ಡ ಕದವಿತ್ತು. ಎರಡು ಬದಿಯ ಸರಪಳಿಗಳು ಅದನ್ನು ಹಿಡಿದು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸುತ್ತಿದ್ದವು. ಯಾರೂ ಅಡುಗೆಗೆಂದು ಯೋಚಿಸದಿದ್ದರೂ ಗುಡ್‌ನೈಟನ ಹಲಗೆ ಇಲ್ಲಿ ತಾನಾಗಿಯೇ ಮರಳಿ ಬಂದಿತ್ತು, ಕಾಲಿನ ಬದಲು ಸರಪಳಿಯಿಂದ. ಸರ್ವೇಯರುಗಳೂ ಬೇಟೆಗಾರರೂ ಪಶುವೈದ್ಯರೂ ಅದರ ಮೇಲೆ ನಕಾಶೆ ಹರಡಿದರು, ಚಹಾ ಕಾಸಿದರು.

ಹಲಗೆಯ ಮುಂದಿನ ಕಥೆ ನಡೆಯುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ದನಗಾರರಿಗೆ ಚಕ್ ಪೆಟ್ಟಿಗೆಯಂಥದೇ ಟಕರ್ ಬಾಕ್ಸ್ ಎಂಬ ಊಟದ ಪೆಟ್ಟಿಗೆ ಇತ್ತು. ಟಕರ್ ಎಂದರೆ ಅಲ್ಲಿನ ಆಡುಮಾತಿನಲ್ಲಿ ತಿನಿಸು. ಹೇರುಗುದುರೆಯ ಬೆನ್ನಿನಿಂದ ಬಿದ್ದರೆ ಎರಕದ ಕಬ್ಬಿಣದ ಪಾತ್ರೆ ಒಡೆಯುತ್ತದೆ ಎಂದು ಕ್ವೀನ್ಸ್‌ಲ್ಯಾಂಡಿನ ಬೆಡೂರಿ ಎಂಬ ಊರಿನ ಹೆಸರಿನಲ್ಲಿ ಹಗುರ ಉಕ್ಕಿನ ತಗಡಿನ ಮುಚ್ಚಳಪಾತ್ರೆ ಬಳಕೆಗೆ ಬಂದದ್ದನ್ನು ನೋಡಿದರೆ, ಸಾಗುವ ಅಡುಗೆಮನೆಯ ಕಷ್ಟಗಳು ಅಲ್ಲಿ ಎಷ್ಟು ಸೂಕ್ಷ್ಮವಾಗಿ ಅರ್ಥವಾಗಿದ್ದವು ಎಂಬುದು ತಿಳಿಯುತ್ತದೆ. ಅಲ್ಲಿಯೂ ಅಡುಗೆಯವನ ಪಾತ್ರ ಊಟ ಬಡಿಸುವುದಕ್ಕೇ ಮುಗಿಯಲಿಲ್ಲ. 1906ರಲ್ಲಿ ಆಲ್ಫ್ರೆಡ್ ಕ್ಯಾನಿಂಗ್ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ದನಗಳ ದಾರಿಯೊಂದನ್ನು ಗುರುತಿಸಲು ಹೊರಟಾಗ ಆತನ ತಂಡದ ಅಡುಗೆಯವನಾಗಿದ್ದವನು ಎಡ್ವರ್ಡ್ ಬ್ಲೇಕ್. ನೀರಿನ ಸೆಲೆ ತೋರಿಸಲೆಂದು ಅಲ್ಲಿನ ಮೂಲನಿವಾಸಿಗಳನ್ನು ಹಿಡಿದು ಸರಪಳಿ ಹಾಕಿದ್ದನ್ನು ಕಣ್ಣಾರೆ ಕಂಡ ಆತ ಹಿಂದಿರುಗಿದ ಮೇಲೆ ದೂರು ಕೊಟ್ಟ. 1908ರಲ್ಲಿ ರಾಯಲ್ ಕಮಿಷನ್ ಕುಳಿತು ವಿಚಾರಿಸಿ ಕ್ಯಾನಿಂಗನನ್ನು ದೋಷಮುಕ್ತನೆಂದು ಹೇಳಿತು, ಆದರೆ ಸರಪಳಿಗಳ ಮಾತು ದಾಖಲೆಯಲ್ಲಿ ಉಳಿಯಿತು. ಇಂದು ಸುಮಾರು 1,850 ಕಿಲೋಮೀಟರಿನ ಆ ಕ್ಯಾನಿಂಗ್ ದಾರಿ ಫೋರ್‌ವೀಲ್ ಡ್ರೈವ್ ಪ್ರಯಾಣಿಕರ ಕನಸಿನ ಹಾದಿ; ಅಲ್ಲಿ ಸಂಜೆ ಹಿಂಬಾಗಿಲು ತೆರೆದು ಹಲಗೆ ಇಳಿಸುವವರು ನಿಂತಿರುವ ನೆಲದಲ್ಲಿ ಆ ಅಡುಗೆಯವನ ಸಾಕ್ಷ್ಯವೂ ಇದೆ.

ಮರುಭೂಮಿಗೆ ಮೋಟಾರು ಬಂದದ್ದು ನಿಧಾನವಾಗಿ. 1949ರಲ್ಲಿ ಆರಂಭವಾದ ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆಯಲ್ಲಿ ಲ್ಯಾಂಡ್ ರೋವರುಗಳು ದುಡಿದವು. ಅದೇ ಯೋಜನೆಯ ಗುತ್ತಿಗೆದಾರನಾಗಿದ್ದ ಲೆಸ್ಲಿ ಥೀಸ್ 1950ರ ದಶಕದ ಕೊನೆಯಲ್ಲಿ ಜಪಾನಿನಿಂದ ಟೊಯೊಟಾ ಲ್ಯಾಂಡ್ ಕ್ರೂಸರುಗಳನ್ನು ತರಿಸಿದ. 1955ರಿಂದ 1963ರವರೆಗೆ ಸರ್ವೇಯರ್ ಲೆನ್ ಬೀಡೆಲ್‌ನ ತಂಡ ಮರುಭೂಮಿಯಲ್ಲಿ 6,000 ಕಿಲೋಮೀಟರಿಗೂ ಹೆಚ್ಚು ದಾರಿ ಕಡಿಯಿತು. 1962ರಲ್ಲಿ ಭೂವಿಜ್ಞಾನಿ ರೆಜ್ ಸ್ಪ್ರಿಗ್, ಹೆಂಡತಿ ಗ್ರಿಸೆಲ್ಡಾ ಮತ್ತು ಇಬ್ಬರು ಮಕ್ಕಳೊಂದಿಗೆ ನಿಸಾನ್ ಪ್ಯಾಟ್ರೋಲ್ ವಾಹನದಲ್ಲಿ ಸಿಂಪ್ಸನ್ ಮರುಭೂಮಿಯನ್ನು ದಾಟಿದ್ದು ಮೋಟಾರಿನಲ್ಲಿ ನಡೆದ ಮೊದಲ ದಾಟುವಿಕೆ. ಆ ಬಳಿಕ ಮರುಭೂಮಿ ಸರ್ಕಾರಿ ತಂಡಗಳ ಸ್ವತ್ತಾಗಿ ಉಳಿಯಲಿಲ್ಲ, ಸಂಸಾರಗಳೂ ಹೊರಟವು.

ಇಷ್ಟರಲ್ಲಿ ವಾಹನಗಳ ಹಿಂಬದಿ ಬದಲಾಗುತ್ತಿತ್ತು. ಕೆಳಕ್ಕೆ ಬೀಳುವ ಕದಕ್ಕೆ ಒಂದು ಅನನುಕೂಲವಿದೆ: ಒಳಗಿನ ಸಾಮಾನಿಗೂ ನಿಂತವರಿಗೂ ನಡುವೆ ಅದು ಚಾಚಿಕೊಂಡಿರುವುದರಿಂದ ಹೊಟ್ಟೆಯನ್ನು ಅದರ ಅಂಚಿಗೆ ಒತ್ತಿ ಕೈ ಚಾಚಬೇಕಾಗುತ್ತದೆ. ಪಕ್ಕಕ್ಕೆ ತೆರೆಯುವ ಕದದಲ್ಲಿ ಈ ಅಡ್ಡಿ ಇಲ್ಲ, ಬಿಡಿ ಚಕ್ರವನ್ನು ಅದರ ಹೊರಮೈಗೇ ತೂಗುಹಾಕಬಹುದು. ಹೀಗಾಗಿ ಲ್ಯಾಂಡ್ ರೋವರಿನ ಸ್ಟೇಷನ್ ವ್ಯಾಗನ್ ಮಾದರಿಗಳು ಪಕ್ಕಕ್ಕೆ ತೆರೆಯುವ ಒಂಟಿ ಕದವನ್ನೂ, ನಿಸಾನ್ ಪ್ಯಾಟ್ರೋಲ್ ಮತ್ತು ಲ್ಯಾಂಡ್ ಕ್ರೂಸರಿನ ಟ್ರೂಪ್ ಕ್ಯಾರಿಯರ್ ಎಂಬ ಉದ್ದಮೈಯ ಮಾದರಿ ದನದ ಕೊಟ್ಟಿಗೆಯ ಬಾಗಿಲಿನಂತೆ ಎರಡು ಬದಿಗೆ ತೆರೆಯುವ ಜೋಡಿ ಕದಗಳನ್ನೂ ಪಡೆದವು. ಸಾಮಾನು ಕೈಗೆ ಹತ್ತಿರವಾಯಿತು, ಆದರೆ ಮೇಜು ಮಾಯವಾಯಿತು. 1970ರ ರೇಂಜ್ ರೋವರಿನಂತೆ ಕದವನ್ನು ಅಡ್ಡಲಾಗಿ ಸೀಳಿ ಕೆಳಭಾಗವನ್ನು ಇಳಿಬಿಡುವ ವಾಹನಗಳ ಒಡೆಯರಿಗೆ ಈ ನಷ್ಟ ತಟ್ಟಲಿಲ್ಲ. ಹಿಂಬಾಗಿಲಿನ ಮಡಚುಹಲಗೆ ಹುಟ್ಟಿದ್ದು ಪಕ್ಕಕ್ಕೆ ತೆರೆಯುವ ಕದಗಳ ಒಳಮೈಯಲ್ಲಿಯೇ ಎಂಬುದು ಆಕಸ್ಮಿಕವಲ್ಲ. ಕಾರಿನ ಬ್ಯಾಟರಿಯಿಂದ ಓಡುವ 12 ವೋಲ್ಟಿನ ಫ್ರಿಜ್ಜು ಮತ್ತು ಜಾರುವ ಖಾನೆಗಳು ಹಿಂಬದಿಯ ನೆಲವನ್ನೆಲ್ಲ ಆಕ್ರಮಿಸಿಕೊಂಡ ಮೇಲೆ ಊಟದ ಪೆಟ್ಟಿಗೆಯ ಮುಚ್ಚಳಕ್ಕೂ ಬಿಚ್ಚಿಕೊಳ್ಳಲು ಜಾಗ ಉಳಿಯಲಿಲ್ಲ. ಖಾಲಿ ಉಳಿದಿದ್ದ ಮೈಯೆಂದರೆ ಕದದ ಒಳಮೈ ಒಂದೇ.

ಅದನ್ನು ಕಟ್ಟುವ ಕೆಲಸ ತೋರುವಷ್ಟು ಸುಲಭವಲ್ಲ. ಕದದ ಒಳಹೊದಿಕೆಯನ್ನು ಬಿಚ್ಚಿದರೆ ಕಾಣುವುದು ಒಂದು ಮಿಲಿಮೀಟರಿನ ಆಸುಪಾಸಿನ ತೆಳು ಉಕ್ಕಿನ ತಗಡು, ಅದರ ಹಿಂದೆ ಚಿಲಕದ ಸರಳುಗಳು, ಗಾಜೊರೆಸುವ ಮೋಟಾರು, ತಂತಿಗಳು. ಅಷ್ಟು ತೆಳುವಾದ ತಗಡಿಗೆ ಬರಿಯ ತಿರುಪುಮೊಳೆ ಹಾಕಿದರೆ ಕೆಲವೇ ದಿನಗಳ ಕುಲುಕಾಟಕ್ಕೆ ಅದು ಕಿತ್ತು ಬರುತ್ತದೆ. ಆದ್ದರಿಂದ ರಂಧ್ರದೊಳಗೆ ತೂರಿಸಿ ಎಳೆದಾಗ ಹಿಂಬದಿಯಲ್ಲಿ ಉಬ್ಬಿ ತಗಡನ್ನು ಕಚ್ಚಿಕೊಳ್ಳುವ, ಒಳಗೆ ತಿರುಪಿನ ಸುತ್ತುಗಳಿರುವ ರಿವೆಟ್ ನಟ್ಟುಗಳನ್ನು ಬಳಸುತ್ತಾರೆ. ಅವುಗಳಿಗೆ ಬಿಗಿದ ಹಿನ್ನೆಲೆಹಲಗೆಯ ಕೆಳಭಾಗಕ್ಕೆ ಉದ್ದಕ್ಕೂ ಒಂದೇ ಸಮನೆ ಸಾಗುವ ಪಿಯಾನೋ ಕೀಲನ್ನು ಕೂಡಿಸಲಾಗುತ್ತದೆ. ಪಿಯಾನೋ ವಾದ್ಯದ ಮುಚ್ಚಳಕ್ಕೆ ಇರುವಂಥದೇ ಆದ್ದರಿಂದ ಅದಕ್ಕೆ ಆ ಹೆಸರು, ಮತ್ತು ಭಾರವನ್ನು ಎರಡು ಬಿಂದುಗಳ ಮೇಲೆ ಹೇರದೆ ಇಡೀ ಅಂಚಿಗೆ ಹಂಚುವುದು ಅದರ ಗುಣ. ಹಲಗೆಗೆ ನೀರು ತಡೆಯುವ ಪ್ಲೈವುಡ್ಡನ್ನೋ ಅಲ್ಯುಮಿನಿಯಂ ತಗಡನ್ನೋ ಆರಿಸುತ್ತಾರೆ. ಮರಕ್ಕೆ ಅಂಚು ನೆನೆದು ಉಬ್ಬುವ ದೋಷ, ಲೋಹಕ್ಕೆ ಬಿಸಿಲಿನಲ್ಲಿ ಕಾಯ್ದು ಕೈ ಸುಡುವ ಮತ್ತು ದಾರಿಯುದ್ದಕ್ಕೂ ಝಣಗುಟ್ಟುವ ದೋಷ. ಅಂಚುಗಳಿಗೆ ಎಚ್ಚರದಿಂದ ಮೆರುಗೆಣ್ಣೆ ಕುಡಿಸಿದ ಮರವೇ ಕೆಲಸಕ್ಕೆ ಹಿತವೆನ್ನಬೇಕು. ಅದರ ಮೇಲೆ ಈರುಳ್ಳಿ ಹೆಚ್ಚಬಹುದು, ಬಿಸಿ ಪಾತ್ರೆ ಇಟ್ಟರೂ ಕೂಡಲೇ ಕಾಯುವುದಿಲ್ಲ.

ಒಳನಾಡಿನ ಮಣ್ಣುದಾರಿಗಳಲ್ಲಿ ಚಕ್ರಗಳ ಓಡಾಟದಿಂದಲೇ ಮೂಡುವ ಅಡ್ಡ ಅಲೆಗಳು, ಅಂದರೆ ತಗಡಿನ ಛಾವಣಿಯಂತೆ ಏರಿಳಿಯುವ ಸಾಲುಗಳು, ಗಂಟೆಗಟ್ಟಲೆ ವಾಹನವನ್ನು ನಡುಗಿಸುತ್ತವೆ. ಮುಚ್ಚಿದ ಹಲಗೆಗೂ ಹಿನ್ನೆಲೆಗೂ ನಡುವೆ ಕೂದಲೆಳೆಯಷ್ಟು ಸಡಿಲವಿದ್ದರೂ ಆ ನಡುಕಕ್ಕೆ ಅದು ಬಡಿದು ಬಡಿದು ರಂಧ್ರಗಳು ಅಗಲವಾಗುತ್ತವೆ. ಆದ್ದರಿಂದ ಅಂಚಿಗೆ ರಬ್ಬರಿನ ಪಟ್ಟಿ ಹಾಕಿ, ಸುಮ್ಮನೆ ತಗುಲಿಕೊಳ್ಳುವ ಅಗಳಿಯ ಬದಲು ಒತ್ತಿ ಹಿಡಿಯುವ ಚಿಲಕ ಕೂಡಿಸುವುದು ಅನುಭವಸ್ಥರ ರೂಢಿ. ಮುಚ್ಚಿದಾಗ ಹಲಗೆಯ ದಪ್ಪವು ಒಳಗಿನ ಫ್ರಿಜ್ಜಿಗೆ ತಗುಲದಿರಬೇಕು, ತೆರೆದಾಗ ಐದು ಲೀಟರ್ ನೀರಿನ ಪಾತ್ರೆಯನ್ನು ಹೊರತುದಿಯಲ್ಲಿ ಇಟ್ಟರೂ ಬಾಗದಿರಬೇಕು. ತುದಿಯಲ್ಲಿಟ್ಟ ಭಾರವು ಸನ್ನೆಗೋಲಿನಂತೆ ಕೀಲನ್ನು ಮೀಟುತ್ತದೆ. ಅದನ್ನು ತಡೆಯುವುದು ಎರಡು ಬದಿಯಲ್ಲಿ ಓರೆಯಾಗಿ ಬಿಗಿದ ಪಟ್ಟಿ ಅಥವಾ ಉಕ್ಕಿನ ಹಗ್ಗ.

ಗುಡ್‌ನೈಟನ ಹಲಗೆಗೆ ಕಾಲಿತ್ತು, ಈ ಹಲಗೆಗೆ ಕಾಲಿಲ್ಲ ಎಂಬ ವ್ಯತ್ಯಾಸಕ್ಕೆ ಕಾರಣ ಇಲ್ಲಿದೆ. ಚಕ್ ಪೆಟ್ಟಿಗೆ ಗಾಡಿಗೆ ಅಲುಗದಂತೆ ಬಿಗಿದಿತ್ತು, ಹಲಗೆಯ ಭಾರವನ್ನು ನೆಲ ಹೊರಬಹುದಿತ್ತು. ಪಕ್ಕಕ್ಕೆ ತೆರೆದ ಕದವಾದರೋ ಗಾಳಿಗೆ ಓಲಾಡುವ ವಸ್ತು, ಅದಕ್ಕೆ ನೆಲದ ಆಸರೆ ಕೊಟ್ಟರೆ ಒಂದು ಬೀಸುಗಾಳಿಗೆ ಕಾಲು ಜಾರಿ ಅಡುಗೆಯೆಲ್ಲ ಮಣ್ಣುಪಾಲಾಗುತ್ತದೆ. ಆದ್ದರಿಂದ ಹಲಗೆ ಕದಕ್ಕೇ ತೂಗಬೇಕು, ಕದವನ್ನು ಒಂದು ಸರಳಿನಿಂದ ಕದಲದಂತೆ ತಡೆದು ನಿಲ್ಲಿಸಬೇಕು, ಮತ್ತು ಒಲೆ ಹಚ್ಚುವ ಮುನ್ನ ಕದವೇ ಗಾಳಿಗೆ ಮರೆಯಾಗುವಂತೆ ವಾಹನವನ್ನು ತಿರುಗಿಸಿ ನಿಲ್ಲಿಸಬೇಕು. ಮರುಭೂಮಿಯ ಬೀಡುಗಳಲ್ಲಿ ಪಳಗಿದವರು ಸಂಜೆ ವಾಹನ ನಿಲ್ಲಿಸುವಾಗ ಮೊದಲು ನೋಡುವುದು ಗಾಳಿಯ ದಿಕ್ಕನ್ನು, ಚಕ್‌ವ್ಯಾಗನ್ನಿನ ಅಡುಗೆಯವನು ಮೂಕಿ ತಿರುಗಿಸುವ ಮೊದಲು ಆಕಾಶ ನೋಡುತ್ತಿದ್ದಂತೆ. ಇಳಿಸಿದ ಹಲಗೆಯ ಒಳಮೈ ಮಾತ್ರ ಇಂದಿಗೂ ಧೂಳಿಲ್ಲದೆ, ಹಿಟ್ಟಿಗೆ ಸಿದ್ಧವಾಗಿ ತೆರೆದುಕೊಳ್ಳುತ್ತದೆ.